ವೇದಿಕೆ ಏರಿದಾಗ ನಾಲಿಗೆ ಒಣಗುವುದೇಕೆ?

ಹದಿಹರೆಯದ ಮಕ್ಕಳ ಸಭಾಕಂಪನ: ಹೆತ್ತವರೂ ಮಕ್ಕಳೂ ತಿಳಿದಿರಬೇಕಾದ ಸಂಗತಿಗಳು

ನಿಮ್ಮ ಮಗ ಮನೆಯಲ್ಲಿ ಚಿಕ್ಕಪ್ಪನ ನಡಿಗೆ, ಬಸ್ ಕಂಡಕ್ಟರನ ಮಾತು, ಮೀನು ಮಾರುವವರ ಕೂಗು ಎಲ್ಲವನ್ನೂ ಹಾಗೆಯೇ ಮಾಡಿ ತೋರಿಸುತ್ತಾನೆ. ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಶಾಲೆಯ ನಾಟಕಕ್ಕೆ ತನ್ನನ್ನು ಆರಿಸಿದ್ದಾರೆಂದು ಒಂದು ದಿನ ಕುಣಿಯುತ್ತಾ ಬರುತ್ತಾನೆ. ಹದಿನೈದು ದಿನ ಕೂತಲ್ಲಿ ನಿಂತಲ್ಲಿ ಮಾತು ಬಾಯಿಪಾಠ ಮಾಡುತ್ತಾನೆ. ವಾರ್ಷಿಕೋತ್ಸವದ ದಿನ ಬೆಳಿಗ್ಗೆ ಮಾತ್ರ, ‘ಅಮ್ಮೀ, ಹೊಟ್ಟೆನೋವು, ನಾನು ಹೋಗುವುದಿಲ್ಲ’ ಎಂದು ಮುಸುಕು ಹಾಕಿಕೊಂಡು ಮಲಗುತ್ತಾನೆ.

ಆಗ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ‘ಸುಮ್ಮನೆ ನೆವ’ ಎನ್ನುತ್ತಾರೆ ತಂದೆ. ‘ಯಾರದೋ ನಝರ್ ತಾಗಿದೆ’ ಎನ್ನುತ್ತಾರೆ ಅಜ್ಜಿ. ‘ಧೈರ್ಯವಿಲ್ಲದವನು ಯಾಕೆ ಒಪ್ಪಿಕೊಳ್ಳಬೇಕಿತ್ತು?’ ಎಂದು ಅಣ್ಣ ಅಣಕಿಸುತ್ತಾನೆ. ಹುಡುಗನಿಗೆ ನಿಜವಾಗಿಯೂ ಹೊಟ್ಟೆನೋವಿದೆ ಎಂಬುದನ್ನು ಯಾರೂ ನಂಬುವುದಿಲ್ಲ.

ಅವನಿಗೆ ಆಗಿರುವುದಕ್ಕೆ ಕನ್ನಡದಲ್ಲಿ ಒಂದು ಒಳ್ಳೆಯ ಹೆಸರಿದೆ: ಸಭಾಕಂಪನ. ಇದು ನೆವವಲ್ಲ, ಹೇಡಿತನವೂ ಅಲ್ಲ. ನಟನೆಯಲ್ಲಿ ಆಸಕ್ತಿಯಿರುವ ಮಕ್ಕಳನ್ನಷ್ಟೇ ಅಲ್ಲ, ಮೀಲಾದ್ ಕಾರ್ಯಕ್ರಮದಲ್ಲಿ ಭಾಷಣ ಮಾಡುವ ಮದ್ರಸಾ ವಿದ್ಯಾರ್ಥಿಯನ್ನೂ, ಮೊದಲ ಬಾರಿ ತರಾವೀಹ್‌ಗೆ ಮುಂದೆ ನಿಲ್ಲುವ ಹಾಫಿಝ್ ಯುವಕನನ್ನೂ, ಕಾಲೇಜಿನ ಮೌಖಿಕ ಪರೀಕ್ಷೆಗೆ ಹೋಗುವ ಹುಡುಗಿಯನ್ನೂ ಇದು ಕಾಡುತ್ತದೆ. ಸರಿಯಾಗಿ ನಿಭಾಯಿಸಿದರೆ ಕೆಲವೇ ವಾರಗಳಲ್ಲಿ ಹತೋಟಿಗೆ ಬರುತ್ತದೆ. ನಿರ್ಲಕ್ಷಿಸಿದರೆ ಅಥವಾ ಗೇಲಿ ಮಾಡಿದರೆ, ಬಾಯಿ ತೆರೆಯಬೇಕಾದ ಎಲ್ಲ ಕಡೆಯೂ ಹಿಂದೆ ಸರಿಯುವ ಸ್ವಭಾವವಾಗಿ ಬೆಳೆಯಬಹುದು. ನಾಳೆ ಸಂದರ್ಶನಕ್ಕೆ, ಪರವೂರಿನ ಕಾಲೇಜಿಗೆ, ಕಚೇರಿಯ ಸಭೆಗೆ ಹೋಗಬೇಕಾದವರು ಇದೇ ಮಕ್ಕಳು. ಆದ್ದರಿಂದ ಇದನ್ನು ‘ಒಂದು ನಾಟಕದ ವಿಷಯ’ ಎಂದು ತಳ್ಳಿಹಾಕಬೇಡಿ.

ದೇಹದೊಳಗೆ ನಡೆಯುವುದೇನು?

ನಮ್ಮ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಎರಡು ಚಿಕ್ಕ ಗ್ರಂಥಿಗಳಿವೆ. ಅವೇ ಅಡ್ರಿನಲ್ ಗ್ರಂಥಿಗಳು. ಎದುರಿಗೆ ಅಪಾಯವಿದೆ ಎಂದು ಮೆದುಳು ಭಾವಿಸಿದೊಡನೆ ನರಗಳ ಮೂಲಕ ಇವುಗಳಿಗೆ ಸುದ್ದಿ ಹೋಗುತ್ತದೆ. ಇವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಓಡಲು ಅಥವಾ ಎದುರಿಸಲು ದೇಹ ಸಿದ್ಧವಾಗುತ್ತದೆ. ಹೃದಯ ವೇಗವಾಗಿ ಬಡಿಯುತ್ತದೆ. ರಕ್ತ ಹೊಟ್ಟೆಯ ಕಡೆಯಿಂದ ಕೈಕಾಲುಗಳ ಸ್ನಾಯುಗಳತ್ತ ತಿರುಗುತ್ತದೆ. ಹೊಟ್ಟೆ ತೊಳಸುವುದೂ ನೋಯುವುದೂ ಇದರಿಂದಲೇ. ಜೊಲ್ಲು ಕಡಿಮೆಯಾಗಿ ನಾಲಿಗೆ ಅಂಗಳಕ್ಕೆ ಅಂಟಿಕೊಳ್ಳುತ್ತದೆ. ಅಂಗೈ ಬೆವರುತ್ತದೆ, ಮೊಣಕಾಲು ನಡುಗುತ್ತದೆ, ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕೆನಿಸುತ್ತದೆ.

ಹುಲಿ ಎದುರಾದಾಗ ಉಪಯೋಗಕ್ಕೆ ಬರಲೆಂದು ಅಲ್ಲಾಹನು ನಮ್ಮ ದೇಹದಲ್ಲಿಟ್ಟ ವ್ಯವಸ್ಥೆ ಇದು. ಮುನ್ನೂರು ಜೊತೆ ಕಣ್ಣುಗಳು ಒಮ್ಮೆಲೇ ತನ್ನತ್ತ ತಿರುಗಿದಾಗಲೂ ಮೆದುಳು ಅದೇ ಗಂಟೆಯನ್ನು ಬಾರಿಸುತ್ತದೆ.

ಇನ್ನೊಂದು ಸಂಗತಿ. ಹೆದರಿದಾಗ ಉಸಿರು ಚಿಕ್ಕದಾಗಿ, ವೇಗವಾಗಿ ಎದೆಯ ಮೇಲ್ಭಾಗದಲ್ಲೇ ಆಡುತ್ತದೆ. ರಕ್ತದಲ್ಲಿರಬೇಕಾದ ಇಂಗಾಲದ ಡೈಆಕ್ಸೈಡ್ ಅಗತ್ಯಕ್ಕಿಂತ ಹೆಚ್ಚು ಹೊರಹೋಗುತ್ತದೆ. ಪರಿಣಾಮವಾಗಿ ತಲೆ ಹಗುರವಾಗಿ ತಿರುಗುತ್ತದೆ, ಬೆರಳ ತುದಿ ಮತ್ತು ತುಟಿ ಜುಮ್ಮೆನ್ನುತ್ತವೆ. ‘ನಾನು ಈಗ ಬಿದ್ದೇಬಿಡುತ್ತೇನೆ’ ಎಂಬ ಹೆದರಿಕೆ ಸೇರಿಕೊಂಡು ಉಸಿರು ಇನ್ನಷ್ಟು ವೇಗವಾಗುತ್ತದೆ. ಈ ಸುತ್ತನ್ನು ಕಡಿಯುವ ಕತ್ತರಿ ಉಸಿರಾಟದಲ್ಲೇ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಎದೆ ಬಡಿತವೆಂದು ಮಕ್ಕಳನ್ನು ಕರೆತರುವ ಹೆತ್ತವರು ನಮ್ಮ ದವಾಖಾನೆಗಳಿಗೆ ಹೊಸಬರೇನಲ್ಲ. ಹತ್ತನೇ ತರಗತಿಯ ಒಬ್ಬ ಹುಡುಗನನ್ನು ಹೃದಯದ ಕಾಯಿಲೆಯಿರಬಹುದೆಂಬ ಆತಂಕದಿಂದ ತಂದೆ ಕರೆತಂದಿದ್ದರು. ಇಸಿಜಿ ಸರಿಯಿತ್ತು, ರಕ್ತ ಪರೀಕ್ಷೆಯೂ ಸರಿಯಿತ್ತು. ಯಾವ ಯಾವ ದಿನ ಬಡಿತ ಬಂದಿತ್ತು ಎಂದು ಬರೆಸಿದಾಗ ಎಲ್ಲವೂ ನಾಟಕದ ಅಭ್ಯಾಸವಿದ್ದ ದಿನಗಳೇ ಆಗಿದ್ದವು. ಆಟದ ಬಯಲಿನಲ್ಲಿ ಗಂಟೆಗಟ್ಟಲೆ ಓಡಿದರೂ ಅವನಿಗೆ ಏನೂ ಆಗುತ್ತಿರಲಿಲ್ಲ. ಅವನಿಗೆ ಬೇಕಾಗಿದ್ದುದು ಹೃದಯದ ಮದ್ದಲ್ಲ, ತನ್ನ ದೇಹದಲ್ಲಿ ನಡೆಯುತ್ತಿರುವುದೇನು ಎಂಬ ತಿಳುವಳಿಕೆ.

ಯೂನಾನಿ ಹಕೀಮರು ಕಂಡದ್ದು

ಯೂನಾನಿ ವೈದ್ಯಶಾಸ್ತ್ರದಲ್ಲಿ ಆರೋಗ್ಯವನ್ನು ಕಾಯುವ ಆರು ಅಗತ್ಯಗಳನ್ನು ‘ಅಸ್ಬಾಬೆ ಸಿತ್ತಾ ಝರೂರಿಯಾ’ ಎನ್ನುತ್ತಾರೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಉಳಿದು ಹೊರಹೋಗಬೇಕಾದದ್ದು ಹೋಗುವುದು. ಮನಸ್ಸಿನ ಚಲನೆಯನ್ನು ಗಾಳಿ ಮತ್ತು ಅನ್ನದ ಸಾಲಿನಲ್ಲೇ ಇಟ್ಟಿರುವುದನ್ನು ಗಮನಿಸಿ.

ಭಯವಾದಾಗ ರೂಹ್ ಮತ್ತು ರಕ್ತ ಒಮ್ಮೆಲೇ ಒಳಮುಖವಾಗಿ ಹೃದಯದತ್ತ ಧಾವಿಸುತ್ತವೆ, ಆದ್ದರಿಂದ ಮುಖ ಬಿಳಿಚಿ ಕೈಕಾಲು ತಣ್ಣಗಾಗುತ್ತವೆ ಎಂದು ಹಳೆಯ ಹಕೀಮರು ವಿವರಿಸಿದ್ದಾರೆ. ಕೋಪದಲ್ಲಿ ಅವು ಹೊರಮುಖವಾಗುತ್ತವೆ, ಮುಖ ಕೆಂಪೇರುತ್ತದೆ. ನಾಚಿಕೆಯಲ್ಲಿ ಮಾತ್ರ ಎರಡೂ ಬಗೆಯ ಚಲನೆ: ಮೊದಲು ಒಳಗೆ, ಆಮೇಲೆ ಹೊರಗೆ. ಸಭಾಕಂಪನದಲ್ಲಿ ಭಯವೂ ಇದೆ, ನಾಚಿಕೆಯೂ ಇದೆ. ವೇದಿಕೆಯ ಪಕ್ಕದಲ್ಲಿ ನಿಂತ ಹುಡುಗಿಯ ಕೈ ಮುಟ್ಟಿ ನೋಡಿ, ತಣ್ಣಗಿರುತ್ತದೆ. ಒಂದು ಮಾತು ತಪ್ಪಿದೊಡನೆ ಅವಳ ಕೆನ್ನೆ ಕೆಂಪಾಗುತ್ತದೆ. ಅವರ ವಿವರಣೆಯ ಭಾಷೆ ಹಳೆಯದು, ಆದರೆ ಕಂಡದ್ದು ಕರಾರುವಾಕ್ಕಾಗಿದೆ.

ಹಿಜರಿ ಮೂರನೆಯ ಶತಮಾನದಲ್ಲಿ ಜನಿಸಿದ ಅಬೂ ಝೈದ್ ಅಲ್ ಬಲ್ಖೀ ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಒಂದೇ ಗ್ರಂಥವನ್ನು ಎರಡು ಭಾಗಗಳಲ್ಲಿ ಬರೆದರು. ಎರಡನೆಯ ಭಾಗದಲ್ಲಿ ಕೋಪ, ಭಯ, ದುಃಖ, ಮತ್ತೆ ಮತ್ತೆ ಬರುವ ಕೆಟ್ಟ ಯೋಚನೆಗಳಿಗೆ ಪ್ರತ್ಯೇಕವಾದ ಚರ್ಚೆಯಿದೆ. ಆರೋಗ್ಯವಾಗಿರುವಾಗಲೇ ಒಳ್ಳೆಯ ಯೋಚನೆಗಳನ್ನು ಕೂಡಿಟ್ಟುಕೊಂಡು ಕಷ್ಟದ ವೇಳೆಯಲ್ಲಿ ಬಳಸಬೇಕು ಎಂಬುದು ಅವರ ಸಲಹೆ. ಮಗುವಿನ ಮನಸ್ಸಿನ ತೊಂದರೆಗೆ ವೈದ್ಯರ ಬಳಿ ಹೋಗುವುದು ನಮ್ಮ ಪರಂಪರೆಗೆ ಹೊಸತೂ ಅಲ್ಲ, ಅವಮಾನವೂ ಅಲ್ಲ.

ಹದಿಹರೆಯದಲ್ಲೇ ಯಾಕೆ ಹೆಚ್ಚು?

ಆರು ವರ್ಷದ ಮಗು ವೇದಿಕೆಯಲ್ಲಿ ಹಾಡು ಮರೆತರೆ ಕೈಬೀಸಿ ಇಳಿದು ಬರುತ್ತದೆ. ಹದಿನಾಲ್ಕರ ಮಗು ಹಾಗೆ ಮಾಡಲಾರದು. ಇತರರು ತನ್ನನ್ನು ಹೇಗೆ ನೋಡುತ್ತಾರೆ ಎಂಬ ಪ್ರಜ್ಞೆ ಈ ವಯಸ್ಸಿನಲ್ಲಿ ಹಠಾತ್ತನೆ ಹರಿತವಾಗುತ್ತದೆ. ಮೊಡವೆ, ಎತ್ತರ, ದಪ್ಪ, ಹಲ್ಲಿನ ತಂತಿ, ಎಲ್ಲವೂ ಎಲ್ಲರಿಗೂ ಕಾಣುತ್ತಿದೆ ಎಂದು ತೋರುತ್ತದೆ.

ಗಂಡುಮಕ್ಕಳಿಗೆ ಇನ್ನೊಂದು ಕಷ್ಟವಿದೆ. ಸಾಮಾನ್ಯವಾಗಿ 12ರಿಂದ 15 ವರ್ಷದೊಳಗೆ ಧ್ವನಿಪೆಟ್ಟಿಗೆ ಬೆಳೆದು ಸ್ವರತಂತುಗಳು ಉದ್ದವಾಗುತ್ತವೆ. ಮಾತಿನ ನಡುವೆ ಸ್ವರ ಒಡೆದು ಕೀರಲಾಗುತ್ತದೆ. ಸಭೆ ನಗುತ್ತದೆ. ಆ ಒಂದು ನಗುವಿನ ನೆನಪಿನಿಂದಲೇ ಎಷ್ಟೋ ಹುಡುಗರು ಮತ್ತೆ ಮೈಕ್ ಮುಟ್ಟುವುದಿಲ್ಲ. ಇದು ಕೆಲವು ತಿಂಗಳಲ್ಲಿ ತಾನಾಗಿ ನೆಲೆಗೆ ಬರುವ ಬದಲಾವಣೆ ಎಂದು ಮೊದಲೇ ಹೇಳಿಡಿ. ಆ ಸಮಯದಲ್ಲಿ ಎತ್ತರದ ಸ್ವರದಲ್ಲಿ ಕಿರುಚುವ ಪಾತ್ರ ಬೇಡವೆಂದು ಶಿಕ್ಷಕರಿಗೂ ತಿಳಿಸಿ. ಹೆಣ್ಣುಮಕ್ಕಳಿಗೆ ಮುಟ್ಟಿನ ದಿನಗಳ ಹೊಟ್ಟೆನೋವು, ಬಟ್ಟೆಯ ಚಿಂತೆ ಸಭಾಕಂಪನದೊಂದಿಗೆ ಸೇರಿಕೊಳ್ಳುತ್ತದೆ. ತಾಯಂದಿರು ಅದನ್ನು ಕೇಳಿ ತಿಳಿದುಕೊಳ್ಳಬೇಕು, ಅವರಾಗಿ ಹೇಳಲಾರರು.

ಹೆದರಿದವರ ಸಾಲಿನಲ್ಲಿ ಯಾರಿದ್ದಾರೆ?

ಅಲ್ಲಾಹನು ಫಿರ್‌ಔನನ ಬಳಿಗೆ ಹೋಗೆಂದು ಆಜ್ಞಾಪಿಸಿದಾಗ ಪ್ರವಾದಿ ಮೂಸಾ(ಅ) ಮೊದಲು ಬೇಡಿದ್ದೇನು? ಎದೆ ವಿಶಾಲವಾಗಲಿ, ಕೆಲಸ ಸುಲಭವಾಗಲಿ, ನಾಲಿಗೆಯ ಗಂಟು ಬಿಚ್ಚಲಿ, ಜನರಿಗೆ ತನ್ನ ಮಾತು ಅರ್ಥವಾಗಲಿ ಎಂದು. ಸೂರಾ ತ್ವಾಹಾದ 25ರಿಂದ 28ರವರೆಗಿನ ವಚನಗಳನ್ನು ಮಕ್ಕಳೊಂದಿಗೆ ಅರ್ಥಸಹಿತ ಓದಿ. ಅಲ್ಲಿಗೇ ನಿಲ್ಲಿಸದೆ ಮುಂದಿನದನ್ನೂ ಓದಿ: ಜೊತೆಗೆ ಸಹೋದರ ಹಾರೂನ್‌(ಅ)ರನ್ನು ಕೊಡು ಎಂದು ಕೂಡ ಅವರು ಬೇಡಿಕೊಂಡರು. ದುಆ ಮಾಡುವುದು, ಜೊತೆಗೊಬ್ಬ ನೆರವಿನವರನ್ನು ಕೇಳುವುದು, ಆಮೇಲೆ ಹೊರಟುಹೋಗುವುದು. ಹೆದರಿದ ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿದೆ?

ಗಾಂಧೀಜಿ ವಕೀಲರಾಗಿ ಮುಂಬೈಯ ನ್ಯಾಯಾಲಯದಲ್ಲಿ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ ತಲೆ ತಿರುಗಿ, ಒಂದು ಪ್ರಶ್ನೆಯನ್ನೂ ಕೇಳಲಾಗದೆ ಕುಳಿತುಬಿಟ್ಟರು. ಇದನ್ನು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಇಂಗ್ಲೆಂಡಿನ ಮಹಾನಟ ಲಾರೆನ್ಸ್ ಒಲಿವಿಯರ್‌ಗೆ ಸಭಾಕಂಪನ ಬಂದದ್ದು ಕೀರ್ತಿಯ ಶಿಖರದಲ್ಲಿದ್ದಾಗ, ಐವತ್ತು ದಾಟಿದ ಮೇಲೆ. ಒಥೆಲೊ ಪಾತ್ರ ಮಾಡುವಾಗ, ತಾನು ವೇದಿಕೆಯಲ್ಲಿ ಒಂಟಿಯಾಗಿರುವ ಭಾವನೆ ಬರದಂತೆ ತನ್ನ ಕಣ್ಣಿಗೆ ಬೀಳುವ ಹಾಗೆ ಪಕ್ಕದಲ್ಲೇ ನಿಂತಿರಬೇಕೆಂದು ಸಹನಟನನ್ನು ಕೇಳಿಕೊಂಡಿದ್ದರು. ಅವರು ನಟನೆ ಬಿಡಲಿಲ್ಲ. ಭಯ ಇರುವುದಕ್ಕೂ ಪ್ರತಿಭೆ ಇಲ್ಲದಿರುವುದಕ್ಕೂ ಸಂಬಂಧವಿಲ್ಲ.

‘ನಮ್ಮ ಮಕ್ಕಳಿಗೆ ನಾಟಕ ಯಾಕೆ?’

ಕೆಲವು ಹೆತ್ತವರ ಪ್ರಶ್ನೆ ಇದು. ಯಾವ ನಾಟಕ, ಯಾವ ಪಾತ್ರ, ಯಾವ ಉಡುಪು, ಯಾರೊಂದಿಗೆ ಎಂಬುದನ್ನು ವಿಚಾರಿಸುವುದು ನಿಮ್ಮ ಹಕ್ಕು, ಕರ್ತವ್ಯ ಕೂಡ. ಧಾರ್ಮಿಕ ಮಿತಿಗಳ ಬಗ್ಗೆ ಸಂದೇಹವಿದ್ದರೆ ಆಲಿಮ್‌ಗಳನ್ನು ಕೇಳಿ. ಫತ್ವಾ ಹೇಳುವುದು ವೈದ್ಯನ ಕೆಲಸವಲ್ಲ. ಆದರೆ ವೈದ್ಯನಾಗಿ ಒಂದು ಮಾತು ಹೇಳಬಲ್ಲೆ: ಇನ್ನೊಬ್ಬರ ನೋವನ್ನು ತನ್ನದಾಗಿ ಹೇಳಲು ಕಲಿತ ಮಗು ಇನ್ನೊಬ್ಬರನ್ನು ಅರ್ಥ ಮಾಡಿಕೊಳ್ಳಲೂ ಕಲಿಯುತ್ತದೆ. ಸ್ಪಷ್ಟವಾಗಿ ಮಾತನಾಡುವುದು, ಸರದಿಗಾಗಿ ಕಾಯುವುದು, ಹತ್ತು ಜನರೊಂದಿಗೆ ಸೇರಿ ದುಡಿಯುವುದು ಅಲ್ಲೇ ಅಭ್ಯಾಸವಾಗುತ್ತದೆ.

ಇದು ನಮ್ಮವರಿಗೆ ಅಪರಿಚಿತ ಕ್ಷೇತ್ರವೂ ಅಲ್ಲ. ಕನ್ನಡದ ವೃತ್ತಿ ರಂಗಭೂಮಿಯಲ್ಲಿ ಮಹಮದ್ ಪೀರ್ ದೊಡ್ಡ ಹೆಸರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯನ್ನು 1962ರಿಂದ 1977ರವರೆಗೆ ಕಟ್ಟಿ ಬೆಳೆಸಿದವರು ಇಬ್ರಾಹೀಂ ಅಲ್ಕಾಝಿ. ಇಂದು ಶಾಲಾಮಟ್ಟದಲ್ಲಿ ಪ್ರತಿಭಾ ಕಾರಂಜಿಯಿದೆ, ಮೈಸೂರಿನ ರಂಗಾಯಣದಲ್ಲಿ ಬೇಸಿಗೆಯ ಚಿನ್ನರ ಮೇಳವಿದೆ, ಹೆಗ್ಗೋಡಿನ ನೀನಾಸಂನಲ್ಲಿ ದೊಡ್ಡವರಿಗೆ ರಂಗಶಿಕ್ಷಣವಿದೆ. ವೇದಿಕೆ ಏರಲು ಮನೆಯ ಒಪ್ಪಿಗೆ ಇಲ್ಲದಿದ್ದರೂ ಆಸಕ್ತಿಯನ್ನು ಹೊಸಕಬೇಕಿಲ್ಲ. ಶ್ರವ್ಯ ನಾಟಕ, ಕಥೆ ಓದುವುದು, ಬೊಂಬೆಯಾಟಕ್ಕೆ ಧ್ವನಿ ಕೊಡುವುದು, ಹುಡುಗಿಯರಷ್ಟೇ ಸೇರುವ ಕಾರ್ಯಕ್ರಮ, ಹೀಗೆ ದಾರಿಗಳು ಹಲವು.

ಆರು ವಾರಗಳ ಅಭ್ಯಾಸ

ಈ ಭಾಗವನ್ನು ಮಕ್ಕಳೇ ಓದಲಿ.

ಭಯಕ್ಕೆ ಒಂದು ಗುಣವಿದೆ. ನೀನು ಓಡಿದರೆ ಅದು ಬೆಳೆಯುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಹತ್ತಿರ ಹೋಗಿ, ಅದು ಇಳಿಯುವವರೆಗೆ ಅಲ್ಲೇ ನಿಂತರೆ, ಮುಂದಿನ ಸಲ ಅದು ಸಣ್ಣದಾಗಿ ಬರುತ್ತದೆ. ಆದ್ದರಿಂದ ಒಮ್ಮೆಲೇ ದೊಡ್ಡ ಸಭೆಗೆ ಹಾರಬೇಡ.

ಮೊದಲ ವಾರ: ಬಾಗಿಲು ಮುಚ್ಚಿಕೊಂಡು ನಿನ್ನ ಮಾತುಗಳನ್ನು ಗಟ್ಟಿಯಾಗಿ ಹೇಳು. ಮನಸ್ಸಿನಲ್ಲೇ ಓದಿಕೊಳ್ಳುವುದು ಅಭ್ಯಾಸವಲ್ಲ. ನಾಲಿಗೆಗೂ ನೆನಪಿರಬೇಕು.

ಎರಡನೆಯ ವಾರ: ನಿನಗೆ ತುಂಬಾ ಹತ್ತಿರದ ಒಬ್ಬರ ಮುಂದೆ ಮಾಡು. ಅಜ್ಜಿ ಆಗಬಹುದು, ತಂಗಿ ಆಗಬಹುದು.

ಮೂರನೆಯ ವಾರ: ಮನೆಯ ನಾಲ್ಕೈದು ಜನರ ಮುಂದೆ, ನಿಂತು, ಕೈಕಾಲು ಆಡಿಸುತ್ತಾ ಮಾಡು.

ನಾಲ್ಕನೆಯ ವಾರ: ಇಬ್ಬರು ಗೆಳೆಯರ ಮುಂದೆ. ಅವರು ನಡುವೆ ಕೆಮ್ಮಲಿ, ಎದ್ದು ಓಡಾಡಲಿ. ನೀನು ನಿಲ್ಲಿಸಬೇಡ.

ಐದನೆಯ ವಾರ: ಖಾಲಿ ಸಭಾಂಗಣದಲ್ಲಿ, ಅದೇ ವೇದಿಕೆಯಲ್ಲಿ. ಮೈಕ್ ಎಲ್ಲಿದೆ, ಬೆಳಕು ಎಲ್ಲಿಂದ ಬೀಳುತ್ತದೆ, ಮೆಟ್ಟಿಲು ಎಷ್ಟಿವೆ ಎಂದು ನೋಡಿಟ್ಟುಕೊ.

ಆರನೆಯ ವಾರ: ಪೂರ್ತಿ ವೇಷ, ಅದೇ ಚಪ್ಪಲಿ, ಒಂದು ತರಗತಿಯ ಮಕ್ಕಳ ಮುಂದೆ.

ಮಾತುಗಳನ್ನು ಗಿಳಿಪಾಠ ಮಾಡಬೇಡ. ‘ಈ ಮಾತನ್ನು ನನ್ನ ಪಾತ್ರ ಯಾಕೆ ಹೇಳುತ್ತಿದೆ?’ ಎಂದು ಪ್ರತಿ ಸಾಲಿಗೂ ಕೇಳಿಕೊ. ಕಾರಣ ಗೊತ್ತಿದ್ದರೆ, ಒಂದು ಪದ ಜಾರಿದರೂ ಅರ್ಥ ಜಾರುವುದಿಲ್ಲ. ಮೊದಲ ಎರಡು ಮಾತುಗಳನ್ನು ಮಾತ್ರ ನಿದ್ದೆಯಲ್ಲಿ ಕೇಳಿದರೂ ಬರುವಷ್ಟು ಗಟ್ಟಿ ಮಾಡಿಕೊ. ಏಕೆಂದರೆ ಭಯ ಹೆಚ್ಚಿರುವುದು ವೇದಿಕೆ ಏರುವ ಮೊದಲಿನ ನಿಮಿಷಗಳಲ್ಲಿ ಮತ್ತು ಆರಂಭದ ಒಂದೆರಡು ನಿಮಿಷಗಳಲ್ಲಿ. ಅಷ್ಟು ದಾಟಿದರೆ ಸಾಮಾನ್ಯವಾಗಿ ಅದು ಇಳಿಯುತ್ತದೆ.

ವೇದಿಕೆಯಲ್ಲಿ ಎಲ್ಲಿ ನೋಡಬೇಕು? ರಷ್ಯಾದ ರಂಗಗುರು ಸ್ತಾನಿಸ್ಲಾವ್‌ಸ್ಕಿ ತನ್ನ ಶಿಷ್ಯರಿಗೆ ಗಮನದ ಒಂದು ಸಣ್ಣ ವೃತ್ತವನ್ನು ಕಟ್ಟಿಕೊಳ್ಳಲು ಕಲಿಸುತ್ತಿದ್ದರು. ಕೈಯಲ್ಲಿರುವ ಪತ್ರ, ಎದುರಿನ ಸಹನಟನ ಮುಖ, ಅಷ್ಟೇ. ನಿನ್ನ ಬಗ್ಗೆ ಯೋಚಿಸುವಾಗ ಭಯ ಹೆಚ್ಚುತ್ತದೆ. ಎದುರಿನವನಿಂದ ನಿನ್ನ ಪಾತ್ರಕ್ಕೆ ಏನು ಬೇಕಾಗಿದೆ ಎಂದು ಯೋಚಿಸುವಾಗ ಭಯಕ್ಕೆ ಜಾಗ ಸಾಲುವುದಿಲ್ಲ.

ಆ ದಿನ ಏನು ಮಾಡಬೇಕು?

ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟು ಮೂಗಿನಿಂದ ನಾಲ್ಕು ಎಣಿಸುವವರೆಗೆ ಉಸಿರು ತೆಗೆದುಕೊ, ಹೊಟ್ಟೆ ಹೊರಗೆ ಬರಲಿ. ಆರು ಎಣಿಸುವವರೆಗೆ ನಿಧಾನವಾಗಿ ಬಿಡು. ಬಿಡುವ ಉಸಿರು ಉದ್ದವಾದರೆ ಹೃದಯದ ವೇಗ ತಗ್ಗಿಸುವ ನರಗಳು ಚುರುಕಾಗುತ್ತವೆ. ಐದು ನಿಮಿಷ ಸಾಕು. ಆದರೆ ಆ ದಿನವೇ ಮೊದಲ ಬಾರಿ ಮಾಡಬೇಡ. ಆರು ವಾರವೂ ಪ್ರತಿರಾತ್ರಿ ಮಲಗುವ ಮೊದಲು ಮಾಡಿದ್ದರೆ ಆ ದಿನ ಅದು ಕೈಹಿಡಿಯುತ್ತದೆ.

ಭುಜಗಳನ್ನು ಕಿವಿಯವರೆಗೆ ಎತ್ತಿ ಒಮ್ಮೆಲೇ ಬಿಡು. ಮುಷ್ಟಿ ಬಿಗಿದು ಸಡಿಲಿಸು. ಹತ್ತು ನಿಮಿಷ ಚುರುಕಾಗಿ ನಡೆದಾಡು. ಸಾಲಿನಲ್ಲಿ ಕಾಯುವಾಗ ಮೊಣಕಾಲನ್ನು ಬಿಗಿಯಾಗಿ ಹಿಡಿದು ಕಂಬದಂತೆ ನಿಲ್ಲಬೇಡ. ಹಾಗೆ ಹೆಚ್ಚು ಹೊತ್ತು ನಿಂತರೆ ತಲೆಸುತ್ತು ಬರಬಹುದು.

‘ಶಾಂತನಾಗು, ಶಾಂತನಾಗು’ ಎಂದು ನಿನಗೆ ನೀನೇ ಹೇಳಿಕೊಳ್ಳುವುದಕ್ಕಿಂತ ‘ನನಗೆ ಹುರುಪು ಬಂದಿದೆ’ ಎಂದು ಹೇಳಿಕೊಂಡವರು ಹೆಚ್ಚು ಚೆನ್ನಾಗಿ ಮಾತನಾಡಿದರು ಎಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿಯೊಬ್ಬರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡುಕೊಂಡರು. ಎದೆ ಬಡಿತ ಎರಡರಲ್ಲೂ ಒಂದೇ. ಈದ್‌ನ ಹಿಂದಿನ ರಾತ್ರಿ ಬಡಿಯುವ ಎದೆಯೂ ಇದೇ ಅಲ್ಲವೇ?

ಇನ್ನೊಂದು ಗುಟ್ಟು. ನಿನ್ನೊಳಗಿನ ನಡುಕ ನೀನು ಭಾವಿಸುವಷ್ಟು ಹೊರಗೆ ಕಾಣುವುದಿಲ್ಲ. 2003ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಈ ಸತ್ಯವನ್ನು ಮೊದಲೇ ತಿಳಿಸಿದ ವಿದ್ಯಾರ್ಥಿಗಳ ಭಾಷಣ ಉಳಿದವರಿಗಿಂತ ಉತ್ತಮವಾಗಿತ್ತು.

ಮಾತು ಮರೆತುಹೋದರೆ? ಒಂದು ಉಸಿರು ತೆಗೆದುಕೊ. ಸಹನಟನನ್ನು ನೋಡು. ಪಾತ್ರದಲ್ಲೇ ಇದ್ದು ಒಂದು ಹೆಜ್ಜೆ ಇಡು. ಎರಡು ಕ್ಷಣದ ಮೌನ ನಿನಗೆ ಎರಡು ಗಂಟೆ ಅನಿಸುತ್ತದೆ, ಸಭೆಗೆ ಅದು ಅಭಿನಯವೇ. ನೆನಪಾದ ಮುಂದಿನ ಮಾತಿಗೆ ಹೋಗು. ನಾಲಿಗೆ ಕಚ್ಚಿಕೊಂಡು ‘ಸಾರಿ’ ಎನ್ನಬೇಡ. ನಿನ್ನ ಮಾತು ಸಭೆಯಲ್ಲಿ ಯಾರಿಗೂ ಬಾಯಿಪಾಠವಿಲ್ಲ, ಬಿಟ್ಟುಹೋದದ್ದು ಅವರಿಗೆ ತಿಳಿಯುವುದೂ ಇಲ್ಲ.

ಊಟ, ನಿದ್ದೆ ಮತ್ತು ಗಂಟಲು

ಕಲಿತದ್ದು ಮೆದುಳಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ಹದಿಹರೆಯದವರಿಗೆ 8ರಿಂದ 10 ಗಂಟೆಗಳ ನಿದ್ದೆ ಬೇಕು. ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಅಭ್ಯಾಸ ಮಾಡುವುದಕ್ಕಿಂತ ಇಶಾ ಮುಗಿಸಿ ಮೊಬೈಲ್ ಬದಿಗಿಟ್ಟು ಮಲಗುವುದು ಒಳ್ಳೆಯದು.

ಖಾಲಿ ಹೊಟ್ಟೆಯಲ್ಲಿ ವೇದಿಕೆ ಏರಬಾರದು, ಬಿರಿಯಾನಿ ತಿಂದೂ ಏರಬಾರದು. ಒಂದೂವರೆ ಎರಡು ಗಂಟೆ ಮೊದಲು ಇಡ್ಲಿ, ಗಂಜಿ, ಎರಡು ಮೂರು ಖರ್ಜೂರ, ಬಾಳೆಹಣ್ಣಿನಂತಹ ಹಗುರ ಆಹಾರ ಸಾಕು. ಬಾರ್ಲಿಯಿಂದ ಮಾಡುವ ತಲ್ಬೀನಾ ಎಂಬ ತೆಳು ಗಂಜಿ ರೋಗಿಯ ಹೃದಯಕ್ಕೆ ನೆಮ್ಮದಿ ಕೊಟ್ಟು ದುಃಖವನ್ನು ಹಗುರಗೊಳಿಸುತ್ತದೆ ಎಂದು ಹ. ಆಇಶಾ(ರ) ವರದಿ ಮಾಡಿದ ಹದೀಸ್ ಸಹೀಹ್ ಬುಖಾರಿಯಲ್ಲಿದೆ. ಹೊಟ್ಟೆಗೆ ಭಾರವಾಗದ ಈ ಗಂಜಿ ಇಂತಹ ದಿನಕ್ಕೆ ಚೆನ್ನಾಗಿ ಹೊಂದುತ್ತದೆ.

ಬಲವಾದ ಚಹಾ, ಕಾಫಿ ಮತ್ತು ಎನರ್ಜಿ ಡ್ರಿಂಕ್‌ಗಳಲ್ಲಿರುವ ಕೆಫೀನ್ ಎದೆ ಬಡಿತವನ್ನೂ ನಡುಕವನ್ನೂ ಹೆಚ್ಚಿಸುತ್ತದೆ. ಆ ದಿನ ಬೇಡ. ‘ಧೈರ್ಯಕ್ಕೆ’ ಎಂದು ಗೆಳೆಯರು ಕೊಡುವ ಸಿಗರೇಟು, ಗುಟ್ಕಾ ಕೂಡ ಹೃದಯದ ವೇಗ ಹೆಚ್ಚಿಸುವ ವಿಷಗಳೇ.

ಗಂಟಲಿಗೆ ಉಗುರುಬೆಚ್ಚಗಿನ ನೀರನ್ನು ದಿನವಿಡೀ ಸ್ವಲ್ಪ ಸ್ವಲ್ಪ ಕುಡಿಯಬೇಕು. ಜ್ಯೇಷ್ಠಮಧುವಿನ ಚಿಕ್ಕ ತುಂಡನ್ನು ಬಾಯಲ್ಲಿಟ್ಟು ಚೀಪಿದರೆ ಒಣಗಿದ ಗಂಟಲು ಹಸಿಯಾಗುತ್ತದೆ. ಆದರೆ ಅದನ್ನು ವಾರಗಟ್ಟಲೆ ಹೆಚ್ಚಾಗಿ ತಿಂದರೆ ರಕ್ತದೊತ್ತಡ ಏರಬಹುದು. ಹಿಂದಿನ ದಿನ ಕ್ರಿಕೆಟ್ ಮೈದಾನದಲ್ಲಿ ಕಿರುಚಿ ಗಂಟಲು ಕೆಡಿಸಿಕೊಳ್ಳಬಾರದು.

ಖಮೀರಾ ಗಾವ್‌ಝಬಾನ್‌ನಂತಹ ಯೂನಾನಿ ಔಷಧಿಗಳನ್ನು ಎದೆ ಬಡಿತ ಮತ್ತು ಮನಸ್ಸಿನ ದುರ್ಬಲತೆಗೆ ಕೊಡುವ ಪದ್ಧತಿಯಿದೆ. ಮಗುವಿನ ಮಿಝಾಜ್ ನೋಡಿ, ಪರೀಕ್ಷಿಸಿ ಕೊಡಬೇಕಾದವು ಅವು. ಅವುಗಳಲ್ಲಿ ಸಕ್ಕರೆಯೂ ಹೆಚ್ಚು. ಅಂಗಡಿಯಿಂದ ತಂದು ನೀವೇ ತಿನ್ನಿಸಬೇಡಿ. ಹಾಗೆಯೇ ‘ನಡುಕ ನಿಲ್ಲಿಸುವ ಮಾತ್ರೆ’ ಎಂದು ಯಾರೋ ಹೇಳುವ ಪ್ರೊಪ್ರನೊಲಾಲ್ ಅನ್ನು ವೈದ್ಯರ ಚೀಟಿಯಿಲ್ಲದೆ ಕೊಡಲೇಬಾರದು. ಆಸ್ತಮಾ ಇರುವ ಮಕ್ಕಳಿಗೆ ಅದು ಅಪಾಯಕಾರಿ. ಯಾವ ಔಷಧಿಯೂ ಅಭ್ಯಾಸದ ಜಾಗ ತುಂಬಲಾರದು.

ಬಣ್ಣ ಮತ್ತು ವೇಷದ ಶುಚಿತ್ವ

ನಾಟಕದ ದಿನ ಒಂದೇ ಕಾಡಿಗೆ, ಒಂದೇ ಲಿಪ್‌ಸ್ಟಿಕ್, ಒಂದೇ ಸ್ಪಂಜು ಇಪ್ಪತ್ತು ಮಕ್ಕಳ ಮುಖ ಸುತ್ತುತ್ತದೆ. ಕಣ್ಣುಬೇನೆ, ತುಟಿಯ ಹುಣ್ಣು, ಚರ್ಮದ ಸೋಂಕು ಹರಡುವುದು ಹೀಗೆಯೇ. ಕಾಡಿಗೆ ಮತ್ತು ಲಿಪ್‌ಸ್ಟಿಕ್ ಮನೆಯಿಂದಲೇ ಕೊಟ್ಟು ಕಳಿಸಿ. ಬಣ್ಣವನ್ನು ಹಿಂದಿನ ದಿನ ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ತುರಿಕೆ ಬರುತ್ತದೆಯೇ ನೋಡಿ. ಬಾಡಿಗೆಗೆ ತಂದ ವೇಷವನ್ನು ಬಿಸಿಲಿಗೆ ಹಾಕಿ, ಒಳಗೆ ಹತ್ತಿಯ ಉದ್ದ ತೋಳಿನ ಒಳಂಗಿ ತೊಡಿಸಿ. ಕಜ್ಜಿ, ಹೇನು ಇಂತಹ ಬಟ್ಟೆ ಮತ್ತು ಕೃತಕ ಕೂದಲಿನಿಂದ ಅಂಟಬಹುದು. ಮನೆಗೆ ಬಂದೊಡನೆ ತೆಂಗಿನೆಣ್ಣೆಯಿಂದ ಬಣ್ಣ ಒರೆಸಿ, ಮೆದು ಸೋಪಿನಿಂದ ಮುಖ ತೊಳೆಸಿ. ವುಝೂ ಮಾಡುವ ಮುನ್ನ ನೀರು ಚರ್ಮಕ್ಕೆ ತಾಗದಂತೆ ತಡೆಯುವ ಅಂಟು, ಬಣ್ಣ ಪೂರ್ತಿ ಹೋಗಿರಬೇಕೆಂಬುದು ನಿಮಗೆ ಗೊತ್ತೇ ಇದೆ.

ಹೆತ್ತವರೇ, ಇವನ್ನು ಮಾಡಬೇಡಿ

* ‘ಹೆದರಬೇಡ’ ಎನ್ನಬೇಡಿ. ಅದು ಅವನ ಕೈಯಲ್ಲಿಲ್ಲ. ‘ಹೆದರಿಕೆ ಬರುತ್ತದೆ, ಆಮೇಲೆ ಹೋಗುತ್ತದೆ. ನಾನು ಎರಡನೆಯ ಸಾಲಿನಲ್ಲಿ ಕೂತಿರುತ್ತೇನೆ’ ಎನ್ನಿ.

* ನೆಂಟರು ಬಂದಾಗ ‘ಬಾ, ಮಾಮೂಗೆ ಮಾಡಿ ತೋರಿಸು’ ಎಂದು ಎಳೆದು ತರಬೇಡಿ. ಕೇಳಿ, ಒಪ್ಪಿದರೆ ಮಾತ್ರ.

* ತಪ್ಪಿದ ಮಾತನ್ನು ಮನೆಯಲ್ಲಿ ವರ್ಷಗಟ್ಟಲೆ ಅಣಕಿಸಬೇಡಿ. ನಿಮಗೆ ತಮಾಷೆ, ಅವಳಿಗೆ ಗಾಯ.

* ಅಭ್ಯಾಸದ ವಿಡಿಯೊವನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಎಂಟು ಜನರ ಸಭೆ ಕ್ಷಣದಲ್ಲಿ ಎಂಬತ್ತಾಗುತ್ತದೆ.

* ಹೆದರಿದ ದಿನವೇ ‘ಬಿಡು, ಹೋಗಬೇಡ’ ಎಂದು ಪೂರ್ತಿ ಬಿಡಿಸಬೇಡಿ. ತಪ್ಪಿಸಿಕೊಂಡ ಸಮಾಧಾನ ಮುಂದಿನ ಭಯಕ್ಕೆ ಗೊಬ್ಬರ. ದೊಡ್ಡ ಪಾತ್ರ ಕಷ್ಟವಾದರೆ ಶಿಕ್ಷಕರೊಂದಿಗೆ ಮಾತನಾಡಿ ಎರಡು ಮಾತಿನ ಪಾತ್ರ ಕೊಡಿಸಿ. ಅಷ್ಟಾದರೂ ಮಾಡಿ ಬರಲಿ.

* ಮುಗಿದ ಮೇಲೆ ಮೊದಲು ಒಂದು ಒಳ್ಳೆಯ ಸಂಗತಿಯನ್ನು ಬಿಡಿಸಿ ಹೇಳಿ. ‘ಚೆನ್ನಾಗಿತ್ತು’ ಎಂಬುದಕ್ಕಿಂತ ‘ಪತ್ರ ಓದುವಾಗ ನಿನ್ನ ದನಿ ಹಿಂದಿನ ಸಾಲಿಗೂ ಕೇಳಿಸಿತು’ ಎಂಬ ಮಾತು ಹೆಚ್ಚು ಕಾಲ ಉಳಿಯುತ್ತದೆ. ತಿದ್ದುಪಡಿ ನಾಳೆಗಿರಲಿ.

ವೈದ್ಯರನ್ನು ಯಾವಾಗ ಕಾಣಬೇಕು?

ಭಯ ವೇದಿಕೆಗಷ್ಟೇ ಸೀಮಿತವಾಗಿದ್ದರೆ ಮೇಲಿನ ಅಭ್ಯಾಸ ಸಾಕು. ಆದರೆ ತರಗತಿಯಲ್ಲಿ ಹಾಜರಿ ಕೂಗಿದರೂ ಉತ್ತರಿಸಲಾಗದಿರುವುದು, ಇತರರ ಮುಂದೆ ಊಟ ಮಾಡಲು, ಫೋನಿನಲ್ಲಿ ಮಾತನಾಡಲು ಹೆದರುವುದು, ಶಾಲೆಯನ್ನೇ ತಪ್ಪಿಸುವುದು ಆರು ತಿಂಗಳಿಗಿಂತ ಹೆಚ್ಚು ಕಾಲ ಮುಂದುವರಿದರೆ ಅದು ಸಾಮಾಜಿಕ ಆತಂಕದ ಕಾಯಿಲೆಯಾಗಿರಬಹುದು. ಸಾಮಾನ್ಯವಾಗಿ ಹದಿಹರೆಯದಲ್ಲೇ ಆರಂಭವಾಗುವ ಈ ಕಾಯಿಲೆಗೆ ಮಾತಿನ ಚಿಕಿತ್ಸೆಯಿಂದ ಒಳ್ಳೆಯ ಪರಿಹಾರವಿದೆ. ಮನೋವೈದ್ಯರು ಅಥವಾ ಮನಶ್ಶಾಸ್ತ್ರಜ್ಞರನ್ನು ಕಾಣಿ.

ಓಡುವಾಗ, ಆಡುವಾಗ ಎದೆನೋವು ಅಥವಾ ಪ್ರಜ್ಞೆ ತಪ್ಪುವುದು, ಕುಟುಂಬದಲ್ಲಿ ಚಿಕ್ಕ ವಯಸ್ಸಿನಲ್ಲೇ ಹಠಾತ್ ಸಾವು ಸಂಭವಿಸಿರುವುದು, ಸುಮ್ಮನೆ ಕುಳಿತಾಗಲೂ ಬಡಿತ, ತೂಕ ಇಳಿಯುವುದು ಇದ್ದರೆ ಮೊದಲು ಹೃದಯ, ಥೈರಾಯಿಡ್ ಮತ್ತು ರಕ್ತಹೀನತೆಯ ಪರೀಕ್ಷೆ ಮಾಡಿಸಬೇಕು. ತೊದಲುವಿಕೆ ಇದ್ದರೆ ವಾಕ್ ಚಿಕಿತ್ಸಕರ ನೆರವು ಬೇಕು. ಮಗು ನಿರಂತರ ಮಂಕಾಗಿದ್ದರೆ, ಬದುಕು ಬೇಡವೆಂಬ ಮಾತಾಡಿದರೆ ಒಂದು ದಿನವೂ ಕಾಯಬೇಡಿ. ಸರಕಾರದ ಟೆಲಿಮನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆಮಾಡಬಹುದು. ಕನ್ನಡದಲ್ಲೂ ಮಾತನಾಡುತ್ತಾರೆ.

ದುಆ, ಝಿಕ್ರ್ ಮನಸ್ಸಿಗೆ ಬಲ ಕೊಡುತ್ತವೆ. ಅದರ ಜೊತೆಗೆ ಚಿಕಿತ್ಸೆ ಪಡೆಯುವುದೂ ಸುನ್ನತ್ತೇ. ತಾವೀಝ್ ಕಟ್ಟಿ ಮಗುವನ್ನು ಮನೆಯಲ್ಲಿ ಕೂರಿಸಿದರೆ ಕಳೆದುಹೋಗುವುದು ಅದರ ಕಲಿಯುವ ಕಾಲ.

ಈ ವರ್ಷ ನಿಮ್ಮ ಮಕ್ಕಳ ಶಾಲೆಯ ವಾರ್ಷಿಕೋತ್ಸವಕ್ಕೆ ಎಷ್ಟು ವಾರಗಳಿವೆ ಎಂದು ಇವತ್ತೇ ಎಣಿಸಿ. ಆರು ವಾರಗಳಿದ್ದರೆ ಈ ರಾತ್ರಿಯೇ ಐದು ನಿಮಿಷದ ಉಸಿರಾಟ ಮತ್ತು ಒಂದು ಪುಟದ ಗಟ್ಟಿ ಓದಿನಿಂದ ಆರಂಭಿಸಿ. ಮಗುವಿನ ಎದುರು ಕೂತು ಕೇಳುವ ಮೊದಲ ಸಭಿಕರು ನೀವಾಗಿರಿ. ನಮ್ಮ ಮಕ್ಕಳ ಎದೆಗಳನ್ನು ಅಲ್ಲಾಹನು ವಿಶಾಲಗೊಳಿಸಲಿ, ನಾಲಿಗೆಗಳಿಗೆ ಸತ್ಯವನ್ನು ಸ್ಪಷ್ಟವಾಗಿ ಹೇಳುವ ಶಕ್ತಿ ಕೊಡಲಿ. ಆಮೀನ್.